ನಾರ್ನಿಯಾ: ಪುಸ್ತಕವೋ, ಸಿನಿಮಾನೋ, ಬಿಬಿಸಿ ಧಾರಾವಾಹಿಯೋ, ರೇಡಿಯೊ ನಾಟಕವೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಪುಸ್ತಕಕ್ಕೆ. ಅದೂ 1950ರ ‘ದ ಲಯನ್, ದ ವಿಚ್ ಆ್ಯಂಡ್ ದ ವಾರ್ಡ್‌ರೋಬ್’ನಿಂದ ಶುರುಮಾಡಿ, ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಗಟ್ಟಿಯಾಗಿ ಓದಿ ಹೇಳುವುದಕ್ಕೆ. ಸಿನಿಮಾ, ಧಾರಾವಾಹಿ, ರೇಡಿಯೊ ನಾಟಕ ಎಲ್ಲವನ್ನೂ ಮಗಳ ಜೊತೆ ನೋಡಿ, ಕೇಳಿ ಆದ ಮೇಲೆ ಬರೆಯುತ್ತಿದ್ದೇನೆ. ನಾರ್ನಿಯಾ ಎಂದರೆ ಸಿ.ಎಸ್. ಲೂಯಿಸ್ ಮಕ್ಕಳಿಗಾಗಿ ಬರೆದ ಏಳು ಪುಸ್ತಕಗಳ ಸರಣಿ, ಮಾತಾಡುವ ಪ್ರಾಣಿಗಳಿರುವ ಮಾಯಾಲೋಕವೊಂದರ ಕತೆ; ಅದಕ್ಕಿಂತ ಹೆಚ್ಚಿನ ಪರಿಚಯ ಎಲ್ಲ ಕಡೆ ಸಿಗುತ್ತದೆ. ಮಗುವಿಗೆ ಈ ಸರಣಿ ಕೊಡಿಸಬೇಕು, ಎಲ್ಲಿಂದ ಹಿಡಿಯಲಿ ಎನ್ನುವವರಿಗಾಗಿ ಇದು.

ನಾನು ಎಲ್ಲವನ್ನೂ ಅಳೆದದ್ದು ಒಂದೇ ಪ್ರಶ್ನೆಯಿಂದ: ಆಸ್ಲಾನ್ ಎಂಬ ಆ ಸಿಂಹ ಮಗುವಿನ ಮನಸ್ಸಿನೊಳಗೆ ಹೇಗೆ ಕಾಲಿಡುತ್ತಾನೆ? ನಾರ್ನಿಯಾದಂಥ ಒಂದು ಲೋಕವಿದ್ದು, ದೇವರ ಮಗ ಇಲ್ಲಿ ಮನುಷ್ಯನಾದಂತೆ ಅಲ್ಲಿ ಸಿಂಹವಾಗಿ ಬಂದಿದ್ದರೆ ಏನಾಗುತ್ತಿತ್ತು ಎಂಬ ಊಹೆಯ ಮೇಲೆ ಲೂಯಿಸ್ ಇಡೀ ಸರಣಿಯನ್ನು ನಿಲ್ಲಿಸಿದ್ದಾರೆ. ನಮ್ಮದು ಕ್ರೈಸ್ತರ ಮನೆಯಲ್ಲ. ಮಗಳಿಗೆ ಶಿಲುಬೆಯ ಕತೆ ಹೆಚ್ಚೇನೂ ಗೊತ್ತಿರಲಿಲ್ಲ. ಆದರೂ ಕಲ್ಲಿನ ಮೇಜಿನ ಮೇಲೆ ಸಿಂಹದ ಕೇಸರ ಬೋಳಿಸಿ, ಬಾಯಿ ಬಿಗಿದು, ಹಗ್ಗದಲ್ಲಿ ಕಟ್ಟಿಹಾಕುವ ಭಾಗ ಬಂದಾಗ ಅವಳು ನನ್ನ ಕೈ ಹಿಡಿದು, ಓದುವುದನ್ನು ನಿಲ್ಲಿಸಬೇಡ ಎಂದಳು. ಆ ಅಧ್ಯಾಯ ಅವಳ ಮನಸ್ಸು ಮುಟ್ಟಲು ಮುಂಚಿನ ಪಾಠ ಏನೂ ಬೇಕಾಗಲಿಲ್ಲ.

ಈಗ ನನಗೆ ಬಹಳ ಕಿರಿಕಿರಿ ಮಾಡಿದ ವಿಷಯ. ನಾನು ತರಿಸಿದ್ದು ಏಳು ಪುಸ್ತಕಗಳ ಬಾಕ್ಸ್ ಸೆಟ್. ಪ್ರತಿ ಪುಸ್ತಕದ ಬೆನ್ನ ಮೇಲೂ ಒಂದು ಅಂಕಿ. 1 ಎಂದಿರುವುದು ‘ದ ಮೆಜಿಶಿಯನ್ಸ್ ನೆಫ್ಯೂ’, ‘ಲಯನ್’ಗೆ 2. ಲೂಯಿಸ್ ಮೊದಲು ಪ್ರಕಟಿಸಿದ್ದು ‘ಲಯನ್’. ಆಮೇಲೆ ವರ್ಷಕ್ಕೊಂದರಂತೆ ‘ಪ್ರಿನ್ಸ್ ಕ್ಯಾಸ್ಪಿಯನ್’, ‘ಡಾನ್ ಟ್ರೆಡರ್’, ‘ಸಿಲ್ವರ್ ಚೇರ್’, ‘ಹಾರ್ಸ್ ಆ್ಯಂಡ್ ಹಿಸ್ ಬಾಯ್’ ಬಂದವು. ‘ಮೆಜಿಶಿಯನ್ಸ್ ನೆಫ್ಯೂ’ ಬಂದದ್ದು 1955ರಲ್ಲಿ, ಆರನೆಯದಾಗಿ. ನಾರ್ನಿಯಾ ಹುಟ್ಟಿದ ಕತೆ ಅದರಲ್ಲಿದೆ, ಹಾಗಾಗಿ ಕಾಲಾನುಕ್ರಮದಲ್ಲಿ ಅದೇ ಮೊದಲು ಎಂಬ ಲೆಕ್ಕದಿಂದ 1990ರ ದಶಕದಲ್ಲಿ ಅಂಕಿಗಳನ್ನು ಬದಲಾಯಿಸಿದರು. ಈಗ ಅಂಗಡಿಯಲ್ಲಿ ಸಿಗುವ ಸೆಟ್‌ಗಳು ಹೆಚ್ಚಾಗಿ ಇದೇ ಕ್ರಮದವು.

ಇದರಿಂದ ಆಗುವ ನಷ್ಟ ಸಣ್ಣದಲ್ಲ. ಕತೆಯ ನಾಲ್ವರು ಒಡಹುಟ್ಟಿದವರಲ್ಲಿ ಕಿರಿಯಳಾದ ಲೂಸಿ ಬೀರುವಿನೊಳಗೆ ತೂಗುಹಾಕಿದ ತುಪ್ಪಳದ ಕೋಟುಗಳನ್ನು ಸರಿಸಿಕೊಂಡು ಹೋಗುತ್ತಾಳೆ, ಕಾಲಡಿ ಏನೋ ಕರಕರ ಎನ್ನುತ್ತದೆ, ಮುಟ್ಟಿದರೆ ಹಿಮ. ಮುಂದೆ ಕಾಡಿನ ನಡುವೆ ಒಂದು ದೀಪದ ಕಂಬ ಉರಿಯುತ್ತಿದೆ. ಕಾಡಿನಲ್ಲಿ ದೀಪದ ಕಂಬ ಯಾಕಿದೆ ಎಂದು ಮಗು ಕೇಳಬೇಕು, ಆ ಪ್ರಶ್ನೆ ಹಾಗೇ ಉಳಿಯಬೇಕು. ‘ಮೆಜಿಶಿಯನ್ಸ್ ನೆಫ್ಯೂ’ ಮೊದಲು ಓದಿದ ಮಗುವಿಗೆ ಉತ್ತರ ಆಗಲೇ ಗೊತ್ತು: ಲಂಡನ್ನಿನ ಕಂಬದಿಂದ ಮುರಿದ ಕಬ್ಬಿಣದ ತುಂಡು ನಾರ್ನಿಯಾದ ಹೊಸ ಮಣ್ಣಿಗೆ ಬಿದ್ದು ಕಂಬವಾಗಿ ಬೆಳೆಯಿತು. ಬೀರು ಯಾವ ಮರದ್ದು, ಮುದುಕ ಪ್ರೊಫೆಸರ್ ಮಕ್ಕಳ ಮಾತನ್ನು ಯಾಕೆ ನಂಬುತ್ತಾನೆ, ಮಾಟಗಾತಿ ಎಲ್ಲಿಂದ ಬಂದಳು, ಎಲ್ಲದಕ್ಕೂ ಉತ್ತರ ಮೊದಲೇ ಕೈಯಲ್ಲಿರುತ್ತದೆ.

ಎಲ್ಲಕ್ಕಿಂತ ದೊಡ್ಡ ನಷ್ಟ ಆಸ್ಲಾನ್‌ದು. ‘ಲಯನ್’ನಲ್ಲಿ ಬೀವರ್ ಎಂಬ ಮಾತಾಡುವ ಪ್ರಾಣಿ ಮೊದಲ ಸಲ ಆ ಹೆಸರು ಹೇಳಿದಾಗ, ಈ ಆಸ್ಲಾನ್ ಯಾರೆಂದು ನಿಮಗೆ ಎಷ್ಟು ಗೊತ್ತೋ ಆ ಮಕ್ಕಳಿಗೂ ಅಷ್ಟೇ ಗೊತ್ತು ಎಂದು ಲೂಯಿಸ್ ಓದುಗರಿಗೇ ಹೇಳುತ್ತಾರೆ. ಆದರೂ ಹೆಸರು ಕಿವಿಗೆ ಬಿದ್ದ ಕ್ಷಣದಲ್ಲೇ ನಾಲ್ವರಿಗೂ ಒಳಗೆ ಏನೋ ಆಗುತ್ತದೆ. ಎಡ್ಮಂಡ್‌ಗೆ ಕಾರಣ ತಿಳಿಯದ ಭಯ. ಪೀಟರ್‌ಗೆ ಧೈರ್ಯ. ಸೂಸನ್‌ಗೆ ಒಳ್ಳೆಯ ಪರಿಮಳವೋ ಸಂಗೀತವೋ ಹಾದುಹೋದ ಹಾಗೆ. ಲೂಸಿಗೆ, ಬೆಳಗ್ಗೆ ಎದ್ದು ಇವತ್ತಿನಿಂದ ರಜೆ ಎಂದು ನೆನಪಾದ ಹಾಗೆ. ಆಸ್ಲಾನ್ ಹಾಡಿ ಲೋಕವನ್ನೇ ಸೃಷ್ಟಿಸಿದ್ದನ್ನು ಮೊದಲೇ ಓದಿರುವ ಮಗುವಿಗೆ ಈ ಪುಟ ಅರ್ಧ ಸತ್ತಂತೆ.

ಹೊಸ ಕ್ರಮದ ಪರವಾಗಿ ಇರುವವರು ಒಂದು ಪತ್ರ ತೋರಿಸುತ್ತಾರೆ. 1957ರಲ್ಲಿ ಒಬ್ಬ ಅಮೆರಿಕನ್ ಹುಡುಗ, ಕಾಲಾನುಕ್ರಮದಲ್ಲೇ ಓದಬೇಕಲ್ಲವೇ, ಅಮ್ಮ ಒಪ್ಪುತ್ತಿಲ್ಲ ಎಂದು ಲೂಯಿಸ್‌ಗೆ ಬರೆದಿದ್ದ. ನಿನ್ನ ಕ್ರಮವೇ ನನಗೂ ಹೆಚ್ಚು ಸರಿ ಎಂದು ಅವರು ಉತ್ತರಿಸಿದ್ದು ನಿಜ. ಅದೇ ಪತ್ರದಲ್ಲಿ, ಯಾವ ಕ್ರಮದಲ್ಲಿ ಓದಿದರೂ ಬಹುಶಃ ದೊಡ್ಡ ವ್ಯತ್ಯಾಸವಿಲ್ಲ ಎಂದೂ ಇದೆ. ಮಗುವಿಗೆ ಪ್ರೀತಿಯಿಂದ ಬರೆದ ಒಂದು ಪತ್ರವನ್ನು ಹಿಡಿದು ಪುಸ್ತಕದ ಬೆನ್ನಿಗೆ ಅಂಕಿ ಒತ್ತುವುದನ್ನು ನಾನು ಒಪ್ಪುವುದಿಲ್ಲ. ಸೆಟ್ ಮನೆಗೆ ಬಂದ ದಿನವೇ ಬಿಳಿ ಲೇಬಲ್ ತಂದು ಏಳಕ್ಕೂ ಪ್ರಕಟಣೆಯ ಕ್ರಮದಲ್ಲಿ ಹೊಸ ಅಂಕಿ ಅಂಟಿಸಿದೆ. ನೀವೂ ಹಾಗೇ ಮಾಡಿ.

ಇನ್ನು ‘ಲಯನ್’ ಕತೆಯ 2005ರ ಸಿನಿಮಾ, ಆ್ಯಂಡ್ರ್ಯೂ ಆ್ಯಡಮ್ಸನ್ ನಿರ್ದೇಶನದ್ದು. ಪರದೆಗೆ ಬಂದವುಗಳಲ್ಲಿ ಇದೇ ಒಳ್ಳೆಯದು. ಟಿಲ್ಡಾ ಸ್ವಿಂಟನ್ ಮಾಡಿದ ಮಾಟಗಾತಿ ಅರಚುವುದೇ ಇಲ್ಲ, ತಣ್ಣಗೆ ನೋಡಿದರೇ ಮೈ ಜುಮ್ಮೆನ್ನುತ್ತದೆ. ಮೇಕಪ್‌ಗೆ ಆಸ್ಕರ್ ಬಂತು, ಅದು ನ್ಯಾಯವೇ. ಲಿಯಾಂ ನೀಸನ್ ಧ್ವನಿಯ ಆಸ್ಲಾನ್ ನಿಜವಾದ ಸಿಂಹದಂತೆಯೇ ಇದ್ದಾನೆ. ಆದರೆ ಪುಸ್ತಕದಲ್ಲಿ ಸ್ವಲ್ಪದರಲ್ಲೇ ಮುಗಿಯುವ ಯುದ್ಧವನ್ನು ಇಲ್ಲಿ ಬಹಳ ಎಳೆದಿದ್ದಾರೆ. ಸತ್ತು ಎದ್ದುಬಂದ ಆಸ್ಲಾನ್ ಇಬ್ಬರು ಹುಡುಗಿಯರ ಜೊತೆ ಬೆಟ್ಟದ ಮೇಲೆ ಓಡಿ, ಹಾರಿ, ಉರುಳಾಡಿ ಆಡುವ ಭಾಗ ಇಲ್ಲ. ಗುಡುಗಿನ ಜೊತೆ ಆಡುತ್ತಿದ್ದೇನೋ ಬೆಕ್ಕಿನ ಮರಿಯ ಜೊತೆಯೋ ಎಂದು ಲೂಸಿಗೆ ಕೊನೆಗೂ ತಿಳಿಯದ ಆ ಆಟ ನನ್ನ ಮಗಳಿಗೆ ಪುಸ್ತಕದಲ್ಲೇ ಅತಿ ಇಷ್ಟದ ಜಾಗ. ‘ಅವನು ಅಪಾಯವಿಲ್ಲದವನಲ್ಲ, ಆದರೆ ಒಳ್ಳೆಯವನು’ ಎಂಬ ಬೀವರ್‌ನ ಮಾತನ್ನು ಅಲ್ಲಿಂದ ಕಿತ್ತು, ಕೊನೆಯಲ್ಲಿ ಟುಮ್ನಸ್ (ಲೂಸಿಯ ಗೆಳೆಯ, ಆಡಿನ ಕಾಲಿನವನು) ಮತ್ತು ಲೂಸಿಯ ಬಾಯಿಗೆ ಬೇರೆ ರೂಪದಲ್ಲಿ ಕೊಟ್ಟಿದ್ದಾರೆ. ಸಿಂಹ ಬರುವ ಮುಂಚೆ ಕೇಳಿಸಬೇಕಾದ ಮಾತು ಅದು.

2008ರ ‘ಪ್ರಿನ್ಸ್ ಕ್ಯಾಸ್ಪಿಯನ್’ ಬಿಟ್ಟುಬಿಡಬಹುದು. ಪುಸ್ತಕದಲ್ಲಿಲ್ಲದ ಕೋಟೆ ದಾಳಿ, ಸೂಸನ್ ಮತ್ತು ಕ್ಯಾಸ್ಪಿಯನ್ ನಡುವಿನ ಪ್ರೇಮ, ಎರಡೂ ಬೇಕಿರಲಿಲ್ಲ.

2010ರ ‘ಡಾನ್ ಟ್ರೆಡರ್’ ನೋಡಿ ನನಗೆ ನಿಜಕ್ಕೂ ನೋವಾಯಿತು. ಹಸಿರು ಮಂಜು, ಏಳು ಕತ್ತಿಗಳ ಹುಡುಕಾಟ ಎಲ್ಲ ಸಿನಿಮಾದವರು ಸೇರಿಸಿದ್ದು, ಅದು ಹೋಗಲಿ. ದುರಾಸೆಯಿಂದ ಡ್ರ್ಯಾಗನ್ ಆದ ಯೂಸ್ಟಸ್ ಮತ್ತೆ ಹುಡುಗನಾಗುವುದು ಪುಸ್ತಕದಲ್ಲಿ ಹೇಗೆ ನೋಡಿ: ಅವನೇ ತನ್ನ ಪೊರೆ ಕೆರೆದು ಸುಲಿಯುತ್ತಾನೆ, ಕೆಳಗೆ ಇನ್ನೊಂದು ಪೊರೆ, ಅದರಡಿ ಮತ್ತೊಂದು. ಕೊನೆಗೆ ಸಿಂಹದ ಮುಂದೆ ಅಂಗಾತ ಮಲಗುತ್ತಾನೆ. ಆ ಉಗುರು ಎದೆಯವರೆಗೆ ಇಳಿದ ಹಾಗೆ ನೋಯುತ್ತದೆ, ಆಮೇಲೆ ಅವನನ್ನು ಎತ್ತಿ ನೀರಿಗೆ ಹಾಕುತ್ತದೆ. ಸಿನಿಮಾದಲ್ಲಿ ಸಿಂಹ ಅವನ ಮೈ ಮುಟ್ಟುವುದೇ ಇಲ್ಲ, ಎಲ್ಲ ದೂರದಿಂದ, ಬೆಳಕಿನಲ್ಲಿ ಮುಗಿದುಹೋಗುತ್ತದೆ. ತಾನೇ ತನ್ನನ್ನು ಸರಿಮಾಡಿಕೊಳ್ಳಲು ಸೋತದ್ದು ಇಲ್ಲದಿದ್ದರೆ ಆ ದೃಶ್ಯಕ್ಕೆ ಅರ್ಥವೇ ಇಲ್ಲ.

ಬಿಬಿಸಿ ಧಾರಾವಾಹಿಗಳು 1988ರಿಂದ 1990ರವರೆಗೆ ಬಂದವು, ನಾಲ್ಕು ಕತೆಗಳು. ಇವತ್ತಿನ ಮಕ್ಕಳಿಗೆ ತಾಳ್ಮೆ ಬೇಕು. ಬೀವರ್‌ಗಳು ವೇಷ ತೊಟ್ಟ ಮನುಷ್ಯರು, ಆಸ್ಲಾನ್ ಒಳಗಿಂದ ಇಬ್ಬರು ಆಡಿಸುವ ದೊಡ್ಡ ಬೊಂಬೆ, ಬಾಯಿ ಸರಿಯಾಗಿ ಆಡುವುದಿಲ್ಲ. ಮಾತಾಡುವ ಪ್ರಾಣಿಗಳನ್ನು ವೇಷ ಹಾಕಿ ಟಿವಿಯಲ್ಲಿ ತೋರಿಸಿದರೆ ಕೋಡಂಗಿಯಾಟವಾಗುತ್ತದೆ ಇಲ್ಲವೇ ದುಃಸ್ವಪ್ನವಾಗುತ್ತದೆ ಎಂದು ಲೂಯಿಸ್ 1959ರಲ್ಲೇ ಬಿಬಿಸಿಯ ಒಬ್ಬ ನಿರ್ಮಾಪಕರಿಗೆ ಬರೆದಿದ್ದರು. ಆದರೂ ‘ಸಿಲ್ವರ್ ಚೇರ್’ ಮಾತ್ರ ತಪ್ಪಿಸಬೇಡಿ. ಟಾಮ್ ಬೇಕರ್ ಮಾಡಿದ, ಸದಾ ಕೆಟ್ಟದ್ದನ್ನೇ ನಿರೀಕ್ಷಿಸುವ ಜೌಗು ನೆಲದ ಜೀವಿ ಪಡ್ಲ್‌ಗ್ಲಮ್, ಮಾಯದ ಬೆಂಕಿಯನ್ನು ಕಾಲಿನಿಂದ ತುಳಿದು ಆರಿಸಿ, ಆಸ್ಲಾನ್ ಇಲ್ಲದಿದ್ದರೂ ನಾನು ಆಸ್ಲಾನ್ ಪಕ್ಷವೇ ಎನ್ನುವಾಗ ಬಡ ಸೆಟ್ಟು, ಹಳೆ ಕ್ಯಾಮೆರಾ ಯಾವುದೂ ಕಣ್ಣಿಗೆ ಕಾಣುವುದಿಲ್ಲ.

ಅಮೆರಿಕದ ಕ್ರೈಸ್ತ ಸಂಸ್ಥೆ ಫೋಕಸ್ ಆನ್ ದ ಫ್ಯಾಮಿಲಿಯವರ ರೇಡಿಯೊ ನಾಟಕ ನನ್ನ ಎರಡನೆಯ ಆಯ್ಕೆ. ಏಳೂ ಪುಸ್ತಕಗಳಿವೆ. ಪಾಲ್ ಸ್ಕೋಫೀಲ್ಡ್ ನಿರೂಪಣೆ, ಡೇವಿಡ್ ಸುಷೆ ಆಸ್ಲಾನ್. ಸಿಂಹದ ಮುಖ ಮಗುವೇ ಕಟ್ಟಿಕೊಳ್ಳುತ್ತದೆ, ಅದೇ ಇದರ ದೊಡ್ಡ ಗುಣ. ಬ್ರಿಟಿಷ್ ಉಚ್ಚಾರ ನಮ್ಮ ಮಕ್ಕಳಿಗೆ ಮೊದಮೊದಲು ಕಷ್ಟ. ಊರಿಗೆ ಹೋಗುವ ದಾರಿಯಲ್ಲಿ ಕಾರಿನಲ್ಲಿ ಹಾಕಿ, ನಡುನಡುವೆ ನಿಲ್ಲಿಸಿ ಕನ್ನಡದಲ್ಲಿ ಹೇಳುತ್ತಿದ್ದೆ. ಪುಸ್ತಕ ಓದುವಾಗಲೂ ನಮ್ಮ ಮನೆಯ ಪದ್ಧತಿ ಅದೇ, ಒಂದು ಪ್ಯಾರಾ ಇಂಗ್ಲಿಷು, ಅದರ ಬೆನ್ನಿಗೇ ಕನ್ನಡ.

ಪುಸ್ತಕಗಳ ಒಂದು ತೊಡಕನ್ನು ಮುಚ್ಚಿಡುವುದಿಲ್ಲ. ‘ಹಾರ್ಸ್ ಆ್ಯಂಡ್ ಹಿಸ್ ಬಾಯ್’ ಮತ್ತು 1956ರ ‘ಲಾಸ್ಟ್ ಬ್ಯಾಟಲ್’ನಲ್ಲಿ ಶತ್ರುಗಳಾದ ಕ್ಯಾಲೊರ್ಮೆನ್ ಜನ ಕಪ್ಪು ಮೈಬಣ್ಣದವರು, ಪೇಟ ಸುತ್ತಿದವರು. ನಮ್ಮ ಮಗು ಅದನ್ನು ಗಮನಿಸದೆ ಇರುವುದಿಲ್ಲ, ಕೂತು ಮಾತಾಡಲೇಬೇಕು. ಎಮೆತ್ ಎಂಬ ಕ್ಯಾಲೊರ್ಮೆನ್ ಯುವಕನನ್ನು, ಅವನು ಬೇರೆ ದೇವರ ಹೆಸರಲ್ಲಿ ಪ್ರಾಮಾಣಿಕವಾಗಿ ಮಾಡಿದ ಸೇವೆಗಾಗಿ, ಆಸ್ಲಾನ್ ತನ್ನವನೆಂದು ಒಪ್ಪುವ ಭಾಗವನ್ನೂ ಅದೇ ಮಾತಿನಲ್ಲಿ ಸೇರಿಸಿ. ಲಿಪ್‌ಸ್ಟಿಕ್, ನೈಲಾನ್ ಹುಚ್ಚು ಹಿಡಿಸಿಕೊಂಡಳೆಂದು ಸೂಸನ್ ಕೊನೆಯ ಪುಸ್ತಕದಲ್ಲಿ ಹೊರಗೇ ಉಳಿಯುವುದು ನನಗೆ ಇಂದಿಗೂ ಒಪ್ಪಿಗೆಯಿಲ್ಲ. ಅದನ್ನು ಮಗಳು ಇನ್ನಷ್ಟು ದೊಡ್ಡವಳಾದ ಮೇಲೆ ಓದುವುದೆಂದು ಎತ್ತಿಟ್ಟಿದ್ದೇನೆ.

ಬಜೆಟ್ ಕಡಿಮೆಯಿದ್ದರೆ ಸೆಟ್ ಬೇಡ. ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಹಳೆ ಪುಸ್ತಕದಂಗಡಿಗಳಲ್ಲಿ ‘ಲಯನ್’ ಒಂದನ್ನೇ ಹುಡುಕಿ. ಕೊಳ್ಳುವ ಮುಂಚೆ ಪಾಲೀನ್ ಬೇನ್ಸ್ ಬರೆದ ಚಿತ್ರಗಳಿವೆಯೇ ಎಂದು ತೆರೆದು ನೋಡಿ; ಲೂಸಿ ಮತ್ತು ಟುಮ್ನಸ್ ಒಂದೇ ಕೊಡೆಯಡಿ ಹಿಮದಲ್ಲಿ ನಡೆಯುವ ಚಿತ್ರವಿಲ್ಲದ ಪ್ರತಿ ನನಗಂತೂ ಬೇಡ. ಅದು ಹಿಡಿಸಿದರೆ ಮುಂದಿನವು ಒಂದೊಂದಾಗಿ. 2005ರ ಸಿನಿಮಾ ಪುಸ್ತಕ ಮುಗಿದ ಮೇಲೆ, ಬಹುಮಾನದ ಹಾಗೆ.

ನೆಟ್‌ಫ್ಲಿಕ್ಸ್‌ಗಾಗಿ ಗ್ರೆಟಾ ಗರ್ವಿಗ್ ನಿರ್ದೇಶಿಸುತ್ತಿರುವ ಹೊಸ ಸಿನಿಮಾ ಶುರುವಾಗುವುದು ‘ಮೆಜಿಶಿಯನ್ಸ್ ನೆಫ್ಯೂ’ದಿಂದಲೇ. ಮಕ್ಕಳನ್ನು ಕರೆದುಕೊಂಡು ಹೋಗುವವರು ಅದಕ್ಕೆ ಮುಂಚೆ ‘ಲಯನ್’ ಓದಿ ಮುಗಿಸಿರಿ. ಹದಿನೇಳೇ ಅಧ್ಯಾಯ, ದಿನಕ್ಕೊಂದು ಓದಿದರೂ ದಸರಾ ರಜೆಯಲ್ಲಿ ಮುಗಿಯುತ್ತದೆ.