ವೆಬ್‌ಸೈಟ್ ಇದೆ ಅಂತ ಹೋಮ್‌ಸ್ಟೇಗೆ ಅಡ್ವಾನ್ಸ್ ಕಳಿಸಬೇಡಿ

ಸಕಲೇಶಪುರದ ಹತ್ತಿರ ನಮ್ಮದೊಂದು ಸಣ್ಣ ಹೋಮ್‌ಸ್ಟೇ ಇದೆ. ನಮ್ಮ ಹೆಸರಿನ ಮಧ್ಯೆ ಒಂದು ಅಡ್ಡಗೆರೆ ಸೇರಿಸಿ ಯಾರೋ ಡಾಟ್ ಕಾಮ್ ವಿಳಾಸ ಕೊಂಡು, ನಮ್ಮದೇ ಫೋಟೋ ಹಾಕಿ, ಜನರಿಂದ ಯುಪಿಐನಲ್ಲಿ ಅಡ್ವಾನ್ಸ್ ತಗೊಂಡಿದ್ದಾರೆ. ನಮಗೆ ಗೊತ್ತಾಗಿದ್ದು ಬೆಂಗಳೂರಿನ ಒಂದು ಕುಟುಂಬ ಮಕ್ಕಳ ಸಮೇತ ಬಂದು "ನಮ್ಮ ರೂಮ್ ಯಾವುದು ಸಾರ್?" ಅಂತ ಕೇಳಿದಾಗ. ರೂಮ್ ಒಂದೂ ಖಾಲಿ ಇರಲಿಲ್ಲ. ನಮ್ಮನ್ನೇ ಕಳ್ಳರು ಅಂತ ಬೈದರು. ಅವರ ತಪ್ಪೇನಿಲ್ಲ, ದುಡ್ಡು ಹೋಗಿತ್ತಲ್ಲ.

ವಿಳಾಸ ಯಾರ ಹೆಸರಲ್ಲಿದೆ ಅಂತ ಹುಡುಕಿದರೆ ಹೆಸರು, ಫೋನ್ ಎಲ್ಲಾ ಮುಚ್ಚಿತ್ತು. 2018ರಲ್ಲಿ ಯುರೋಪಿನ ಖಾಸಗಿತನದ ಕಾನೂನು ಜಾರಿಯಾದ ಮೇಲೆ ಇದು ಮಾಮೂಲು. ವಿಳಾಸ ಮಾರಿದ ರಿಜಿಸ್ಟ್ರಾರ್‌ಗೆ ಬರೆದೆ. "ನಾವು ಹೆಸರು ಮಾತ್ರ ಮಾರುತ್ತೇವೆ, ಸೈಟಿನಲ್ಲಿ ಇರುವುದಕ್ಕೆ ಹೊಣೆಯಲ್ಲ, ಕೋರ್ಟ್ ಆದೇಶ ತನ್ನಿ" ಅಂದರು.

ಕೊಂಡವನ ಗುರುತಾದರೂ ನೋಡಿದ್ದೀರಾ ಅಂತ ಕೇಳಿದರೆ ಉತ್ತರವಿಲ್ಲ. ನೋಡಬೇಕು ಅಂತ ನಿಯಮವೂ ಇಲ್ಲ! ವೆಬ್ ವಿಳಾಸಗಳ ವ್ಯವಸ್ಥೆ ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯ ಜೊತೆ ರಿಜಿಸ್ಟ್ರಾರ್‌ಗಳಿಗಿರುವ 2013ರ ಒಪ್ಪಂದದಲ್ಲಿ ಇರುವುದು ಇಷ್ಟೇ: 15 ದಿನದೊಳಗೆ ಕೊಂಡವರ ಇಮೇಲ್ ಅಥವಾ ಫೋನ್, ಎರಡರಲ್ಲಿ ಒಂದಕ್ಕೆ ಉತ್ತರ ಬರುತ್ತದಾ ಅಂತ ನೋಡಬೇಕು. ಗುರುತಿನ ಚೀಟಿ ಕೇಳಬೇಕಿಲ್ಲ. ನಮ್ಮಲ್ಲಿ ಒಂದು ರಾತ್ರಿ ತಂಗುವವರಿಂದ ನಾವು ಗುರುತಿನ ಚೀಟಿ ತಗೋಬೇಕು, ವಿದೇಶಿಯರು ಬಂದರೆ 24 ಗಂಟೆಯೊಳಗೆ ಅವರ ವಿವರ ಸರ್ಕಾರಕ್ಕೆ ಕಳಿಸಬೇಕು. ಊರಿನವರ ದುಡ್ಡು ಹೊಡೆಯುವ ವಿಳಾಸ ಮಾರುವವರಿಗೆ ಮಾತ್ರ ಯಾಕೆ ಈ ವಿನಾಯಿತಿ?

ಆಗದ ಕೆಲಸವೇನೂ ಅಲ್ಲ. ಯುರೋಪಿನ ಸೈಬರ್ ಸುರಕ್ಷತೆಯ ಎನ್‌ಐಎಸ್2 ನಿರ್ದೇಶನದ 28ನೇ ವಿಧಿ, ರಿಜಿಸ್ಟ್ರಿ (ಡಾಟ್ ಕಾಮ್‌ನಂಥ ವಿಳಾಸಗಳ ಮೂಲ ಪಟ್ಟಿ ಇಡುವವರು) ಮತ್ತು ರಿಜಿಸ್ಟ್ರಾರ್ ಇಬ್ಬರ ಮೇಲೂ ಕೊಂಡವರ ವಿವರ ಪರಿಶೀಲಿಸುವ ಹೊಣೆ ಹೊರಿಸಿದೆ. ನ್ಯಾಯವಾದ ಕಾರಣಕ್ಕೆ ವಿವರ ಕೇಳಿದವರಿಗೆ 72 ಗಂಟೆಯೊಳಗೆ ಉತ್ತರ ಕೊಡಬೇಕು. ನಮ್ಮಲ್ಲೂ ರಿಸರ್ವ್ ಬ್ಯಾಂಕ್ 2025ರಲ್ಲಿ ಬ್ಯಾಂಕುಗಳಿಗೆ ಅಂತಲೇ ಬ್ಯಾಂಕ್ ಡಾಟ್ ಇನ್ ವಿಳಾಸ ತಂದಿತು, ಅದು ಬೇರೆ ಯಾರಿಗೂ ಸಿಗುವುದಿಲ್ಲ. ನಮ್ಮಂಥ ಸಣ್ಣವರ ಹೆಸರಿಗೆ ಮಾತ್ರ ಕಾವಲಿಲ್ಲ.

ನಿಮಗೂ ಹೀಗಾದರೆ ರಿಜಿಸ್ಟ್ರಾರ್‌ಗೆ ಸುಮ್ನೆ "ನಮ್ಮ ಫೋಟೋ ಕದ್ದಿದ್ದಾರೆ" ಅಂತ ಬರೆಯಬೇಡಿ, ಅದನ್ನು ಪಕ್ಕಕ್ಕಿಡುತ್ತಾರೆ. "ಫಿಶಿಂಗ್" (ಬೇರೆಯವರ ಸೋಗಿನಲ್ಲಿ ಜನರಿಗೆ ಮೋಸ ಮಾಡೋದು) ಅಂತಲೇ ಬರೆದು ಸ್ಕ್ರೀನ್‌ಶಾಟ್, ದುಡ್ಡು ಕಟ್ಟಿದ ರಸೀದಿ ಸೇರಿಸಿ. ಫಿಶಿಂಗ್‌ಗೆ ಸಾಕ್ಷಿ ಕೊಟ್ಟರೆ ರಿಜಿಸ್ಟ್ರಾರ್ ಕ್ರಮ ತಗೊಳ್ಳಲೇಬೇಕು ಅನ್ನುವ ನಿಯಮ 2024ರ ಏಪ್ರಿಲ್ 5ರಿಂದ ಇದೆ. ನಮ್ಮ ಕೆಲಸ ಆಗಿದ್ದೂ ಹಾಗೆ ಬರೆದ ಮೇಲೆ. ಸೈಟ್ ನಿಂತಿತು. ಮಾಡಿದವನು ಯಾರು ಅಂತ ಇವತ್ತಿಗೂ ಗೊತ್ತಿಲ್ಲ.

ಬುಕ್ ಮಾಡುವವರು ಒಂದು ಕೆಲಸ ಮಾಡಿ. ಮಾಲೀಕರ ಹೆಸರು ಮುಚ್ಚಿದ್ದರೂ ವಿಳಾಸ ನೋಂದಾಯಿಸಿದ ದಿನಾಂಕ ಎಲ್ಲರಿಗೂ ಕಾಣುತ್ತದೆ. ವೆಬ್ ವಿಳಾಸದ ನೋಂದಣಿ ವಿವರ ತೋರಿಸುವ "ಹೂ ಈಸ್" (whois) ಹುಡುಕಾಟದಲ್ಲಿ ನೋಡಿ. ನಮ್ಮ ಹೋಮ್‌ಸ್ಟೇ ಹಳೆಯದು, ಆ ವಿಳಾಸಕ್ಕೆ ತಿಂಗಳೂ ತುಂಬಿರಲಿಲ್ಲ. ಯುಪಿಐನಲ್ಲಿ ಯಾರ ಹೆಸರು ಬರುತ್ತದೆ ಅಂತಲೂ ನೋಡಿ. ದುಡ್ಡು ಹೋಗಿದ್ದರೆ ಬೆಳಗಾಗಲಿ ಅಂತ ಕಾಯದೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬೇಗ ಹೇಳಿದಷ್ಟೂ ಬ್ಯಾಂಕಿನವರು ದುಡ್ಡನ್ನು ತಡೆಹಿಡಿಯುವ ಸಾಧ್ಯತೆ ಜಾಸ್ತಿ.