ಹಿಂಭಾಗದ ಅರ್ಧ ಸೈಟಿಗೆ ಮುಂಗಡ ಕೊಡುವ ಮುನ್ನ

ಪೂರ್ತಿ ಸೈಟು ಕೊಳ್ಳಲು ಶಕ್ತಿಯಿಲ್ಲದವರಿಗೆ ಬೆಂಗಳೂರಿನ ಮಧ್ಯವರ್ತಿಗಳು ಹಳೆಯ ಮನೆಗಳ ಹಿಂದಿನ ಖಾಲಿ ಜಾಗವನ್ನು ತೋರಿಸುತ್ತಾರೆ. ನಾನೂ ನನ್ನ ಪತ್ನಿಯೂ 2019ರಲ್ಲಿ ಅಂಥದ್ದೊಂದನ್ನು ಕೊಂಡೆವು. ಇಂದಿಗೂ ಅಲ್ಲಿ ತಳಪಾಯ ತೋಡಲು ಆಗಿಲ್ಲ. ಈ ಸಂಕಟ ಇನ್ನೊಂದು ಮನೆಗೆ ಬರಬಾರದೆಂದು ಬರೆಯುತ್ತಿದ್ದೇನೆ.

ಸೈಟು 40 ಅಡಿ ಅಗಲ, 60 ಅಡಿ ಉದ್ದ. ಮುಂದಿನ 30 ಅಡಿಯಲ್ಲಿ ಮಾರಿದವರ ಮನೆ, ಹಿಂದಿನ 30 ಅಡಿ ನಮ್ಮದು. ಕ್ರಯಪತ್ರ ಯಾವ ತಕರಾರೂ ಇಲ್ಲದೆ ನೋಂದಣಿಯಾಯಿತು. ಆಸ್ತಿ ತೆರಿಗೆಯ ಖಾತೆಯನ್ನು ನಮ್ಮ ಹೆಸರಿಗೆ ಬೇರೆ ಮಾಡಿಸಲು ಹೋದಾಗ ಪಾಲಿಕೆಯವರು ಕೇಳಿದ್ದು ಒಂದೇ ಪ್ರಶ್ನೆ: ಸೈಟು ವಿಭಜನೆಗೆ ಅನುಮೋದನೆ ಪಡೆದ ನಕ್ಷೆ ಎಲ್ಲಿದೆ? ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ 17ನೇ ಕಲಂ ಪ್ರಕಾರ ಸೈಟನ್ನು ಭಾಗ ಮಾಡುವವರು ಯೋಜನಾ ಪ್ರಾಧಿಕಾರದ ಮಂಜೂರಾತಿ ಪಡೆಯಬೇಕು. ಮಾರಿದವರು ಅರ್ಜಿಯನ್ನೇ ಹಾಕಿರಲಿಲ್ಲ. ಕೇಳಿದರೆ "ರಿಜಿಸ್ಟರ್ ಆಗಿದೆಯಲ್ಲ ಸಾರ್, ಇನ್ನೇನು ಬೇಕು?" ಎಂದರು.

ನಾವೇ ಅನುಮತಿ ಪಡೆಯೋಣವೆಂದು ಹೊರಟಾಗ ದೊಡ್ಡ ಪೆಟ್ಟು ಬಿತ್ತು. ಕ್ರಯಪತ್ರದ ಚೆಕ್ಕುಬಂದಿಯಲ್ಲಿ, ಅಂದರೆ ನಾಲ್ಕು ದಿಕ್ಕಿನ ಗಡಿಗಳ ವಿವರದಲ್ಲಿ, ನಮ್ಮ ಜಾಗದ ಹಿಂದೆ "ಖಾಲಿ ಜಾಗ" ಎಂದಿದೆ. ಗ್ರಾಮ ನಕ್ಷೆಯಲ್ಲಿ ಅದು ಕಾಲುವೆ. ಬೆಂಗಳೂರಿನ ಮಹಾಯೋಜನೆ (ಮಾಸ್ಟರ್ ಪ್ಲಾನ್) 2015ರ ನಿಯಮದಂತೆ ಮಳೆನೀರು ಹರಿಯುವ ರಾಜಕಾಲುವೆಗಳಲ್ಲಿ ಪ್ರಾಥಮಿಕಕ್ಕೆ 50 ಮೀಟರ್, ದ್ವಿತೀಯಕ್ಕೆ 25, ತೃತೀಯಕ್ಕೆ 15 ಮೀಟರ್ ಏನೂ ಕಟ್ಟದೆ ಬಿಡಬೇಕು, ಅದೂ ಕಾಲುವೆಯ ನಡುಗೆರೆಯಿಂದ ಅಳೆದು. ನಮ್ಮದು ತೃತೀಯ ಕಾಲುವೆ. 15 ಮೀಟರ್ ಎಂದರೆ ಸುಮಾರು 49 ಅಡಿ. ಎಂಟು ಅಡಿ ಅಗಲದ ಆ ಕಾಲುವೆಯ ನಡುವಿನಿಂದ ಸರ್ವೇಯರ್ ಟೇಪು ಹಿಡಿದಾಗ ನಮ್ಮ ಜಾಗ ಪೂರ್ತಿ ದಾಟಿ, ಮುಂದಿನ ಮನೆಯ ಅಡುಗೆಕೋಣೆಯ ಗೋಡೆಯನ್ನೂ ದಾಟಿತು. ಮಳೆನೀರಿಗೆ ದಾರಿ ಬಿಡಬೇಕೆಂಬ ನಿಯಮದ ಬಗ್ಗೆ ನನಗೆ ತಕರಾರಿಲ್ಲ; ಪ್ರತಿ ಮಳೆಗಾಲದಲ್ಲೂ ಈ ಊರು ಮುಳುಗುವುದನ್ನು ನೋಡಿದ್ದೇನೆ. ಅದನ್ನು ಮುಚ್ಚಿಟ್ಟು ಮಾರಿದವರ ಮೇಲೆ ನನ್ನ ಸಿಟ್ಟು.

ಹಣ ವಾಪಸ್ ಕೇಳಿದ್ದೇ ತಡ, ಮನೆಯ ಪಕ್ಕದ ಐದಡಿ ಓಣಿಗೆ ಗೇಟು ಬಿತ್ತು, ಬೀಗವೂ ಬಿತ್ತು. ದಾರಿಯ ಹಕ್ಕನ್ನು ಕ್ರಯಪತ್ರದಲ್ಲಿ ಬರೆದುಕೊಟ್ಟಿರಲಿಲ್ಲ. 1882ರ ಅನುಭೋಗ ಹಕ್ಕುಗಳ ಕಾಯ್ದೆಯ 13ನೇ ಕಲಂ ನಮ್ಮಂಥವರ ಕೈಬಿಡುವುದಿಲ್ಲ: ಬೇರೆ ದಾರಿಯೇ ಇಲ್ಲದ ಜಾಗ ಮಾರಿದವರು ತಮ್ಮ ಉಳಿದ ಜಾಗದಲ್ಲಿ ದಾರಿ ಬಿಡಬೇಕು. ಆದರೆ ಆ ಹಕ್ಕನ್ನು ದಾವೆ ಹೂಡಿಯೇ ಪಡೆಯಬೇಕು.

ಇಷ್ಟರಲ್ಲಿ ಮಾರಿದವರ ಅಕ್ಕ ಪಾಲಿಗಾಗಿ ನ್ಯಾಯಾಲಯಕ್ಕೆ ಬಂದರು. ಸೈಟು ತಂದೆಯ ಸ್ವಯಾರ್ಜಿತ, ಅವರು ಉಯಿಲು ಬರೆದಿರಲಿಲ್ಲ. ಹಾಗಾಗಿ ಮಗಳಿಗೂ ಮಗನಷ್ಟೇ ಪಾಲಿದೆ. ಆಕೆಯದು ನ್ಯಾಯವಾದ ಬೇಡಿಕೆ. ನಮ್ಮ ಕ್ರಯಪತ್ರಕ್ಕೆ ಆಕೆಯ ಸಹಿ ಇಲ್ಲ, ಈಗ ತಡೆಯಾಜ್ಞೆ ಇದೆ.

ಅರ್ಧ ಸೈಟು ನೋಡಲು ಹೋಗುವವರು ವಿಭಜನೆಯ ಮಂಜೂರಾದ ನಕ್ಷೆಯನ್ನು ಮೊದಲು ಕೇಳಿ. ಅದಿಲ್ಲದಿದ್ದರೆ ಮಾತು ಅಲ್ಲಿಗೇ ನಿಲ್ಲಲಿ. ವಂಶವೃಕ್ಷದಲ್ಲಿರುವ ಪ್ರತಿಯೊಬ್ಬರ ಸಹಿ, ಓಣಿಯ ಅಗಲ ಅಡಿಗಳಲ್ಲಿ, ಇವೆರಡೂ ಕ್ರಯಪತ್ರದಲ್ಲಿ ಸೇರಿರಲಿ. ಸರ್ವೆ ಇಲಾಖೆಯ ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರು ನೋಡಿ, ಗ್ರಾಮ ನಕ್ಷೆಯ ಪ್ರತಿ ತರಿಸಿ. ನಮ್ಮ ಹಿಂದಿನ ಬೀದಿಯಲ್ಲಿ, ಇದೇ ಕಾಲುವೆಯ ಆಚೆ ದಡದಲ್ಲಿ, ಇನ್ನೊಂದು "ಹಿಂಭಾಗ" ಮಾರಾಟಕ್ಕಿದೆ.