ಸೇರಿ ಬಿಡಿಸುವ ಆಟಗಳು: ವಿನ್ಯಾಸದ ತರಗತಿಗೆ ಯಾವುದು ಹೆಚ್ಚು ಒದಗುತ್ತದೆ?

ಶಿವಮೊಗ್ಗದಲ್ಲಿ ಗ್ರಾಫಿಕ್ ಡಿಸೈನ್ ಕಲಿಯುವ ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಪಾಠ ಮಾಡುವ ನಾನು, ಹಲವರು ಸೇರಿ ನಿಯಮಕ್ಕೆ ಬದ್ಧರಾಗಿ ಬಿಡಿಸುವ ಮೂರು ಬಗೆಯ ಚಿತ್ರದಾಟಗಳನ್ನು ಒಂದೇ ತಂಡಕ್ಕೆ ಆಡಿಸಿ ನೋಡಿದ್ದೇನೆ. ಡ್ರಾಯಿಂಗ್ ಶೀಟು ಮತ್ತು ಬಣ್ಣದ ಸ್ಕೆಚ್ ಪೆನ್ನುಗಳಿದ್ದರೆ ಮೂರಕ್ಕೂ ಸಾಕು. ಆದರೆ ನಮ್ಮ ಮಳೆಗಾಲದಲ್ಲಿ ತೆಳು ಹಾಳೆ ತೇವ ಹೀರಿಕೊಂಡು ಶಾಯಿ ಹರಡುವುದರಿಂದ, ಗೆರೆ ಗೆರೆಯನ್ನು ಮುಟ್ಟಬಾರದೆಂಬ ನಿಯಮವಿರುವ ಆಟಕ್ಕೆ ದಪ್ಪ ಶೀಟನ್ನೇ ಕೊಡಬೇಕು.

ಹಾಳೆ ಮಡಚಿ ಆಡುವ ಆಟ ಎಲ್ಲಕ್ಕಿಂತ ಸುಲಭವಾದುದು. 1925ರ ಸುಮಾರಿಗೆ ಪ್ಯಾರಿಸ್ಸಿನ ಸರ್ರಿಯಲಿಸ್ಟರು, ಅಂದರೆ ಕನಸು ಮತ್ತು ಆಕಸ್ಮಿಕಗಳಿಗೆ ಬೆಲೆ ಕೊಟ್ಟ ಲೇಖಕ ಕಲಾವಿದರು, ಇದನ್ನು ಆಡುತ್ತಿದ್ದರು. ಒಬ್ಬರು ತಲೆ ಬರೆದು ಮಡಚಿ ಕೊಟ್ಟರೆ, ಮುಂದಿನವರು ಅಂಚಿನಲ್ಲಿ ಕಾಣುವ ಗೆರೆತುದಿಗಳನ್ನಷ್ಟೇ ಹಿಡಿದು ಮುಂದುವರಿಸುತ್ತಾರೆ. ಬಿಳಿ ಹಾಳೆಯ ಅಂಜಿಕೆ ಇದರಿಂದ ಬೇಗ ಹೋಗುತ್ತದೆ. ಆದರೆ ಯಕ್ಷಗಾನದ ಕಿರೀಟ ಬರೆಯಬಲ್ಲ ಹುಡುಗ ಪ್ರತಿ ಸಲವೂ ಕಿರೀಟವನ್ನೇ ಬರೆಯುತ್ತಾನೆ. ಪಕ್ಕದವರು ಮಾಡಿದ್ದು ಅವನಿಗೆ ಕಾಣುವುದೇ ಇಲ್ಲವಾದ್ದರಿಂದ ಅದಕ್ಕೆ ಉತ್ತರಿಸುವ ಅಗತ್ಯವೂ ಬೀಳುವುದಿಲ್ಲ.

ಎರಡನೆಯದು ಬರೆದ ಸೂಚನೆಯಂತೆ ಚಿತ್ರ ಬಿಡಿಸುವುದು. ಅಮೆರಿಕದ ಕಲಾವಿದ ಸಾಲ್ ಲೆವಿಟ್ 1968ರಿಂದ ಗೋಡೆಚಿತ್ರಗಳನ್ನು ರಚಿಸತೊಡಗಿ, ಅವುಗಳಲ್ಲಿ ಹೆಚ್ಚಿನವನ್ನು ಸೂಚನೆಗಳ ರೂಪದಲ್ಲಿ ಕೊಟ್ಟು ಬೇರೆಯವರಿಂದ ಬಿಡಿಸಿದರು. ನೇರವಲ್ಲದ, ಒಂದಕ್ಕೊಂದು ತಾಗದ ಲಂಬ ಗೆರೆಗಳು ಗೋಡೆಯನ್ನು ಸಮನಾಗಿ ತುಂಬಬೇಕು ಎಂಬುದು 1970ರ ಒಂದು ಕೃತಿಯ ಸೂಚನೆ. ನಮ್ಮ ತರಗತಿಯಲ್ಲಿ ಒಂದು ತಂಡ ಬರೆದ ಸೂಚನೆಯನ್ನು ಇನ್ನೊಂದು ತಂಡ ಪಾಲಿಸುತ್ತದೆ. ‘ಹಾಳೆಯ ಮಧ್ಯದಿಂದ ಮೂಲೆಗೆ ಗೆರೆ ಎಳೆಯಿರಿ’ ಎಂಬ ಸೂಚನೆಯನ್ನು ಓದಿ ಕೆಲವರು ಒಂದೇ ಮೂಲೆಗೆ, ಕೆಲವರು ನಾಲ್ಕೂ ಮೂಲೆಗೆ ಎಳೆದರು. ಮಧ್ಯವೆಂದರೆ ಒಂದು ಬಿಂದುವೋ ಒಂದು ಜಾಗವೋ ಎಂಬ ವಾದವೂ ಹುಟ್ಟಿತು. ಮುಂದೆ ಪ್ರೆಸ್ಸಿನವರಿಗೆ ಚೀಟಿ ಬರೆದುಕೊಡಬೇಕಾದವರಿಗೆ ಇದು ಅಮೂಲ್ಯ ಅಭ್ಯಾಸ. ಇದರ ಕೊರತೆಯೆಂದರೆ, ಸೂಚನೆ ಸ್ಪಷ್ಟವಾದಷ್ಟೂ ಬಿಡಿಸುವವರಿಗೆ ಯೋಚಿಸುವ ಕೆಲಸ ಕಡಿಮೆಯಾಗುತ್ತದೆ.

ನನಗೆ ಹೆಚ್ಚು ಒಪ್ಪಿಗೆಯಾಗಿರುವುದು ಸರದಿಯ ಆಟ. ಲೂನಾ ಮೌರರ್, ಎಡೊ ಪೌಲಸ್, ಜೊನಾಥನ್ ಪಕೀ ಮತ್ತು ರೂಲ್ ವೌಟರ್ಸ್ ಎಂಬ ಆಮ್‌ಸ್ಟರ್‌ಡ್ಯಾಮಿನ ನಾಲ್ವರು ವಿನ್ಯಾಸಕರು 2008ರಲ್ಲಿ ‘ಕಂಡಿಷನಲ್ ಡಿಸೈನ್’ ಹೆಸರಿನ ಪ್ರಣಾಳಿಕೆ ಹೊರಡಿಸಿ, ಕೊನೆಗೆ ಸಿಗುವ ವಸ್ತುವಿಗಿಂತ ಅದು ರೂಪುಗೊಳ್ಳುವ ಪ್ರಕ್ರಿಯೆಯೇ ಮುಖ್ಯವೆಂದು ಸಾರಿದರು. ಮೇಜಿನ ಸುತ್ತ ಕುಳಿತು ನಿಯಮದಂತೆ ಒಟ್ಟಿಗೆ ಬಿಡಿಸುವುದು ಅವರ ರೂಢಿಯಾಗಿತ್ತು. ಅದೇ ದಾರಿಯಲ್ಲಿ ನಾವು ಮಾಡಿಕೊಂಡ ನಿಯಮಗಳು ಸರಳ: ನಾಲ್ವರಿಗೆ ನಾಲ್ಕು ಬಣ್ಣ, ಪ್ರತಿಯೊಬ್ಬರೂ ಮೊದಲಿಗೆ ಒಂದೊಂದು ಗೆರೆ ಎಳೆದ ಮೇಲೆ, ಸರದಿ ಬಂದಾಗ ಬೇರೆಯವರ ಗೆರೆಯ ತುದಿಯಿಂದಲೇ ಬೆರಳುದ್ದದ ನೇರ ಗೆರೆ ಹೊರಡಬೇಕು, ಅದು ಮತ್ತಾವ ಗೆರೆಯನ್ನೂ ಮುಟ್ಟಬಾರದು. ಆರಂಭದಲ್ಲಿ ಕೈಗಳು ಸಲೀಸಾಗಿ ಓಡುತ್ತವೆ. ಹಾಳೆ ತುಂಬುತ್ತಾ ಬಂದಂತೆ, ಪೆನ್ನಿನ ಮುಚ್ಚಳವನ್ನೇ ಅಳತೆಗೋಲಿನಂತೆ ಹಿಡಿದು, ಈ ಗೆರೆ ಎಳೆದರೆ ಕೆಂಪಿನವಳ ದಾರಿ ಮುಚ್ಚಿಹೋಗುತ್ತದೆಯೇ ಎಂದು ನೋಡಿ, ಆಮೇಲೆ ಎಳೆಯುತ್ತಾರೆ. ಮತ್ತೊಂದು ಹಾಳೆಯಲ್ಲಿ ಒಂದೇ ನಿಯಮ ಬದಲಿಸಿ, ಗೆರೆಗಳೆಲ್ಲ ಹಾಳೆಯ ಅಂಚಿಗೆ ಸಮಾಂತರವಾಗಿರಲಿ ಎಂದೆ. ಪೊದೆಯಂತಿದ್ದ ಚಿತ್ರದ ಬದಲು ಈ ಸಲ ಚೌಕಟ್ಟಿನೊಳಗೆ ಚೌಕಟ್ಟು ಮೂಡಿತು. ಸಾಗರದ ಕಡೆಯ ವಿದ್ಯಾರ್ಥಿನಿಗೆ ಕೂಡಲೇ ದೀವರ ಮನೆಗೋಡೆಯ ಹಸೆ ಚಿತ್ತಾರ ನೆನಪಾಯಿತು. ಒಂದು ನಿಯಮ ಇಡೀ ಹಾಳೆಯ ಚಹರೆಯನ್ನೇ ಬದಲಿಸುವುದನ್ನು ಕಣ್ಣಾರೆ ಕಂಡವರಿಗೆ ಗ್ರಿಡ್ (ಪುಟವನ್ನು ಜೋಡಿಸಲು ಮೊದಲೇ ಹಾಕಿಕೊಳ್ಳುವ ಗೆರೆಗಳ ಚೌಕಟ್ಟು) ಏಕೆ ಬೇಕೆಂದು ಬೇರೆ ಉಪನ್ಯಾಸ ಕೊಡಬೇಕಾಗುವುದಿಲ್ಲ.

ಇದಕ್ಕೆ ಹತ್ತಿರದ, ಇಬ್ಬರು ಸರದಿಯಂತೆ ಚುಕ್ಕಿಗಳನ್ನು ಗೆರೆಯಿಂದ ಕೂಡಿಸುವ ‘ಸ್ಪ್ರೌಟ್ಸ್’ ಆಟವನ್ನೂ ಪ್ರಯತ್ನಿಸಬಹುದು. ಗಣಿತಜ್ಞರಾದ ಜಾನ್ ಕಾನ್ವೇ ಮತ್ತು ಮೈಕೆಲ್ ಪ್ಯಾಟರ್ಸನ್ 1967ರಲ್ಲಿ ಕೇಂಬ್ರಿಜ್‌ನಲ್ಲಿ ರೂಪಿಸಿದ ಈ ಆಟ ಮೂರು ಚುಕ್ಕಿಗಳಿಂದ ಶುರುವಾದರೆ ಹೆಚ್ಚೆಂದರೆ 8 ನಡೆಗಳಲ್ಲಿ ಮುಗಿಯುತ್ತದೆ. ಸೋಲು ಗೆಲುವು ಇರುವುದರಿಂದ ಮಕ್ಕಳಿಗೆ ಇದು ಇಷ್ಟ; ಆದರೆ ಗಮನವೆಲ್ಲ ಗೆಲುವಿನತ್ತ ಹರಿದು ಗೆರೆಯ ಅಂದವನ್ನು ಯಾರೂ ನೋಡುವುದಿಲ್ಲ.

ಸರದಿಯ ಆಟಕ್ಕೆ ಸಮಯ ಹೆಚ್ಚು ಬೇಕು, ಐದಾರು ಜನ ಒಂದೇ ಹಾಳೆಗೆ ಕುಳಿತರೆ ಕಾಯುವವರು ಬೇಸರಪಡುತ್ತಾರೆ. ಹಾಗಿದ್ದರೂ ಒಂದೇ ತರಗತಿಯ ಅವಕಾಶವಿದ್ದರೆ ನಾನು ಇದನ್ನೇ ಆರಿಸುತ್ತೇನೆ. ಎರಡು ತರಗತಿ ಸಿಕ್ಕರೆ, ಮೊದಲ ದಿನ ಆಡಿದ ಆಟದ ನಿಯಮಗಳನ್ನು ಎರಡನೆಯ ದಿನ ವಿದ್ಯಾರ್ಥಿಗಳಿಂದಲೇ ಬರೆಸಿ, ಮೊದಲ ದಿನದ ಚಿತ್ರವನ್ನು ನೋಡಿರದ ತಂಡದ ಕೈಗೆ ಕೊಡಿಸುತ್ತೇನೆ.